ಯುರೋಪಿಗೆ ಹೊರಟ ಯುರೋಪಿಯಂ

ರಾಮನಗರ: ಹೊರಡುವ ಮೊದಲು

ವಿದೇಶಕ್ಕೆ ಹೋಗಿ ಬಂದವರು ಗೋಪುರದ ಮುಂದೆಯೋ ಹಿಮದ ಮೇಲೆಯೋ ನಿಂತ ಫೋಟೊ ತೋರಿಸುತ್ತಾರೆ. ನಾನು ಪೋಲೆಂಡಿಗೆ ಹೋಗಿ, ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯೊಂದರಲ್ಲಿ ಕೂತು ಬಂದೆ. ಅದರದೂ ಫೋಟೊ ಇದೆ. ಆದರೆ ಪೂರ್ತಿ ಕಪ್ಪಗೆ ಬಂದಿದೆ. ಹಾಗಾಗಿ ಬರೆದೇ ಹೇಳಬೇಕಾಗಿದೆ.

ನಾನು ಕನಕಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಮನೆ ರಾಮನಗರ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾ, ನಲವತ್ತರ ಹತ್ತಿರಕ್ಕೆ ಬಂದಾಗ, ಪಿಎಚ್‌ಡಿ ಮಾಡುವ ಹುಚ್ಚು ಹಿಡಿಸಿಕೊಂಡೆ. ವಿಷಯ ಕೇಳಿದರೆ ಜನ ಹೆದರುತ್ತಾರೆ, ಆದರೆ ಕೆಲಸ ಅಡುಗೆಯ ಹಾಗೆಯೇ. ಇಟ್ರಿಯಂ ಆಕ್ಸೈಡ್ ಎಂಬ ಬಿಳಿ ವಸ್ತುವಿಗೆ ಯುರೋಪಿಯಂ ಎಂಬ ಅಪರೂಪದ ಲೋಹವನ್ನು ಒಗ್ಗರಣೆಗೆ ಇಂಗು ಹಾಕಿದಷ್ಟು ಸೇರಿಸಬೇಕು. ಅದನ್ನು ಗಾಜಿನಂಥ ಸ್ಫಟಿಕದ ಚೂರಿನ ಮೇಲೆ ರೇಷ್ಮೆ ಎಳೆಗಿಂತಲೂ ತೆಳುವಾಗಿ ಬಳಿದು ಕುಲುಮೆಯಲ್ಲಿ ಸುಡಬೇಕು. ನೋಡಿದರೆ ಏನೂ ಕಾಣುವುದಿಲ್ಲ. ಕತ್ತಲಲ್ಲಿ ಅದರ ಮೇಲೆ ನೇರಳಾತೀತ ಬೆಳಕು ಬಿಟ್ಟರೆ ಮಾತ್ರ ಕೆಂಪಗೆ ಹೊಳೆಯುತ್ತದೆ. ಹಿಂದೆ ಡುಬ್ಬ ಇದ್ದ ಹಳೆಯ ಟಿವಿಗಳಲ್ಲಿ ಕೆಂಪು ಸೀರೆ ಕೆಂಪಗೆ ಕಾಣುತ್ತಿದ್ದುದು ಇಂಥದೇ ವಸ್ತುವಿನಿಂದ.

ಆರು ವರ್ಷ ಹೀಗೆ ಬಳಿದು, ಸುಟ್ಟು, ಬೈದುಕೊಂಡು ಕೊನೆಗೆ ಮೂರು ಒಳ್ಳೆಯ ಚೂರು ಸಿಕ್ಕವು. ಅವು ಹೊಳೆಯುತ್ತವೆ ಎಂದು ನನಗೆ ಗೊತ್ತು. ಎಷ್ಟು ಹೊಳೆಯುತ್ತವೆ ಎಂದು ಅಳೆಯುವ ಯಂತ್ರ ನನಗೆ ಸಿಕ್ಕಿದ್ದು ಪೋಲೆಂಡಿನ ವ್ರೊಟ್ಸ್ವಾಫ್ ಎಂಬ ಊರಿನ ಪ್ರಯೋಗಾಲಯವೊಂದರಲ್ಲಿ, ಅದೂ ನಾಲ್ಕೇ ದಿನಕ್ಕೆ. ಆ ಅಳತೆ ಇಲ್ಲದೆ ನನ್ನ ಪ್ರಬಂಧ ಮುಗಿಯುವಂತಿರಲಿಲ್ಲ. ಇನ್ನು ಒಂದು ದಿನವೂ ಗಡುವು ಮುಂದೆ ಹಾಕುವುದಿಲ್ಲವೆಂದು ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು.

ಚೂರುಗಳಿಗಾಗಿ ಚನ್ನಪಟ್ಟಣದ ಗೊಂಬೆ ಕೆಲಸದವರ ಹತ್ತಿರ ಅರಗು ಹಚ್ಚಿದ ದುಂಡನೆಯ ಮರದ ಡಬ್ಬಿ ಮಾಡಿಸಿ, ಒಳಗೆ ಹತ್ತಿ ಇಟ್ಟೆ. ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಈ ಡಬ್ಬಿಯನ್ನು ಯಾರೂ ಮುಟ್ಟಬಾರದು. ಎಲ್ಲರಿಗೂ ಎಂದರೆ ಅತ್ತೆಗೆ. ನನ್ನ ಗಂಡ ರೇಷ್ಮೆ ನೂಲು ತೆಗೆಯುವ ಘಟಕ ನಡೆಸುವವರು, ಅವರಿಗೆ ಗೂಡು ಬಿಟ್ಟರೆ ಬೇರೆ ಯಾವುದನ್ನು ಮುಟ್ಟಲೂ ಪುರುಸೊತ್ತಿಲ್ಲ. ಅತ್ತೆ ಉಯ್ಯಂಬಳ್ಳಿ ಕಡೆಯ ಬೇಸಾಯಗಾರರ ಮನೆಯಿಂದ ಬಂದವರು. ಮನೆಗೆ ಹೊಸದಾಗಿ ಬಂದದ್ದಕ್ಕೂ, ಮನೆಯಿಂದ ದೂರ ಹೊರಟದ್ದಕ್ಕೂ ಅವರ ಕೈಯಿಂದ ಪೂಜೆ ಆಗಲೇಬೇಕು. ಮಿಕ್ಸಿಗೆ ಆಗಿದೆ, ಸ್ಕೂಟರಿಗೆ ಆಗಿದೆ, ಇನ್‌ವರ್ಟರಿಗೂ ಆಗಿದೆ. ಡಬ್ಬಿಯನ್ನು ಕಬ್ಬಾಳು ಬೆಟ್ಟದ ಕೆಳಗಿನ ದೇವಿ ಕಬ್ಬಾಳಮ್ಮನಿಗೆ ಒಂದು ಸಲ ತೋರಿಸಿಕೊಂಡು ಬರುತ್ತೇನೆ ಎಂದರು. ಮುಚ್ಚಳ ತೆಗೆಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದೆ. ಅವರು ಕಬ್ಬಾಳಿಗೆ ಹೋಗಿ ಬಂದರು. ಡಬ್ಬಿಯ ಮೇಲೆ ಒಂದು ಹೂವಿನ ಎಸಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ನನಗೆ ಸಮಾಧಾನವಾಯಿತು.

ತಿಂಡಿ ಹಾಕಬೇಡಿ ಎಂದೂ ಹೇಳಿದ್ದೆ. ಹೋಗುತ್ತಿರುವುದು ಯುರೋಪಿಗೆ, ಮಾಗಡಿಯ ಮದುವೆಗಲ್ಲ ಎಂದು ಒರಟಾಗಿಯೇ ಹೇಳಿದ್ದೆ. ಅತ್ತೆ ನನ್ನ ಸ್ವೆಟರನ್ನು ಎತ್ತಿಕೊಂಡು ಮಡಚತೊಡಗಿದರು.

ದಾರಿಯಲ್ಲೊಂದು ವಿಮಾನ ನಿಲ್ದಾಣ

ವಿಮಾನ ಬದಲಿಸುವ ಊರಿನಲ್ಲಿ ತಪಾಸಣೆಯವನೊಬ್ಬ ನನ್ನ ಚೀಲದಿಂದ ಡಬ್ಬಿಯನ್ನೇ ಆರಿಸಿ ತೆಗೆದ. ಬೆಣ್ಣೆಯ ಹಾಗಿದ್ದ ದೊಡ್ಡ ಮನುಷ್ಯ. ಮುಚ್ಚಳ ಬಿಚ್ಚಿ, ಹತ್ತಿಯ ನಡುವೆ ಮಲಗಿದ್ದ ಮೂರು ಚೂರುಗಳನ್ನು ನೋಡಿ ಇದೇನು ಎಂದ. ಬೆಳಕು ಕೊಡುವ ಗಾಜು ಎಂದೆ. ಕೊಡುತ್ತಿಲ್ಲವಲ್ಲ ಎಂದ. ಇಲ್ಲಿ ಕೊಡುವುದಿಲ್ಲ, ಪೋಲೆಂಡಿಗೆ ಹೋದ ಮೇಲೆ ಕೊಡುತ್ತದೆ ಎಂದೆ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅನುಮಾನ ಬರುವ ಹಾಗಿತ್ತು.

ಅವನು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿದ. ಆಮೇಲೆ ನಕ್ಕು, "ಕರಿ?" ಎಂದು ಕೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷದ ವಿಜ್ಞಾನವನ್ನು ಮುಂದಿಟ್ಟರೂ ಇವರಿಗೆ ನಮ್ಮವರ ಚೀಲವೆಂದರೆ ಸಾರಿನ ಪುಡಿ. ಆ ಸಿಟ್ಟಿನಲ್ಲಿ ಮುಂದಿನ ವಿಮಾನದಲ್ಲಿ ಕೊಟ್ಟ ಊಟವನ್ನೂ ಬೇಡವೆಂದೆ. ಆ ಮನುಷ್ಯನ ಹೆಸರು ವಿಳಾಸ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಕ್ಷಮೆ ಕೇಳಿ ಕಾಗದ ಬರೆಯಬೇಕಾಗಿತ್ತು. ಯಾಕೆಂದು ಮುಂದೆ ಗೊತ್ತಾಗುತ್ತದೆ.

ವ್ರೊಟ್ಸ್ವಾಫ್, ಭಾನುವಾರ

ಊಟ ಬೇಡವೆಂದದ್ದು ಎಂಥ ತಪ್ಪೆಂದು ಊರಿಗೆ ಇಳಿದ ಮೇಲೆ ತಿಳಿಯಿತು. ಪೋಲೆಂಡಿನಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಒಂದೆರಡಲ್ಲ, ನಾನು ಕಂಡ ಬೀದಿಗೆ ಬೀದಿಯೇ ಮುಚ್ಚಿತ್ತು. ನಮ್ಮಲ್ಲಿ ಬಂದ್ ಎಂದು ಕೂಗಿಕೊಂಡು ತಿರುಗಿದರೂ ಇಷ್ಟು ಚೆನ್ನಾಗಿ ಮುಚ್ಚಿಸಲು ಆಗುವುದಿಲ್ಲ.

ಹೊಟ್ಟೆ ತಾಳ ಹಾಕುತ್ತಿದ್ದರೂ ಊರು ನೋಡೋಣವೆಂದು ಹೊರಟೆ. ಈ ಊರಿನ ತುಂಬ ಗೇಣುದ್ದದ ಕಂಚಿನ ಕುಳ್ಳರಿದ್ದಾರೆ. ಮೆಟ್ಟಿಲ ಪಕ್ಕದಲ್ಲಿ ಒಬ್ಬ ಮಲಗಿದ್ದಾನೆ, ದೀಪದ ಕಂಬ ಹತ್ತುತ್ತ ಒಬ್ಬ ನೇತಾಡುತ್ತಿದ್ದಾನೆ. ದೊಡ್ಡ ದೊಡ್ಡ ಗಂಡಸರು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಅವರ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಚನ್ನಪಟ್ಟಣದ ಗೊಂಬೆಗಳನ್ನು ಹೀಗೆ ಬೀದಿಬೀದಿಯಲ್ಲಿ ಕೂರಿಸಿದರೆ ಮಾರನೆಯ ಬೆಳಿಗ್ಗೆ ಎಷ್ಟು ಉಳಿದಿರುತ್ತವೆ ಎಂದು ಲೆಕ್ಕ ಹಾಕಲು ನನಗೆ ಧೈರ್ಯವಾಗಲಿಲ್ಲ.

ಒಂದು ರಸ್ತೆ ದಾಟಬೇಕಿತ್ತು. ಎರಡೂ ಕಡೆ ಕಣ್ಣು ಹಾಯಿಸಿದಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ಏಳೆಂಟು ಜನ ಕೆಂಪು ದೀಪ ನೋಡುತ್ತಾ ಕಂಬದ ಹಾಗೆ ನಿಂತಿದ್ದರು. ನಾನು ಮೈಸೂರು ರಸ್ತೆಯನ್ನು ಬಸ್ಸುಗಳ ನಡುವೆ ದಾಟಿ ಬೆಳೆದವಳು, ನಡೆದುಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ತನ್ನ ಭಾಷೆಯಲ್ಲಿ ನನ್ನನ್ನು ಬೈದಳು. ಒಂದಕ್ಷರವೂ ಅರ್ಥವಾಗಲಿಲ್ಲ, ಆದರೆ ಪೂರ್ತಿ ಅರ್ಥವಾಯಿತು. ಆ ಧಾಟಿಯನ್ನು ನಾನು ಮನೆಯಲ್ಲಿ ಕೇಳಿ ಬಲ್ಲೆ.

ಕೋಣೆಗೆ ಬಂದು ಸ್ವೆಟರ್ ತೆಗೆಯಲು ಪೆಟ್ಟಿಗೆ ಬಿಚ್ಚಿದಾಗ, ಅದರ ತೋಳಿನೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಒಂದು ತೋಳಿನಲ್ಲಿ ನಿಪ್ಪಟ್ಟು, ಇನ್ನೊಂದರಲ್ಲಿ ಹುರಿಗಾಳು. ನನಗೆ ಹೇಳದೆ ತುರುಕಿದ್ದರು. ಮಂಚದ ಮೇಲೆ ಕೂತು ಹೊಟ್ಟೆ ತುಂಬ ಅದನ್ನೇ ತಿಂದೆ, ಅತ್ತೆಯನ್ನು ನೆನೆಸಿಕೊಂಡು ಕಣ್ಣಲ್ಲಿ ನೀರೂ ಬಂತು. ಈ ಮುದುಕಿ ಬೇಡ ಎಂದದ್ದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ ಎಂಬ ಅನುಮಾನ ಆಗಲೇ ಬರಬೇಕಿತ್ತು. ಬರಲಿಲ್ಲ.

ಸೋಮವಾರ: ಹಸಿರು

ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಡಾನುತಾ. ಅರವತ್ತು ದಾಟಿದ, ತೆಳ್ಳಗಿನ, ಒಂದು ಸಾಲಿನಲ್ಲಿ ಮುಗಿಯುವುದನ್ನು ಎರಡು ಸಾಲಿನಲ್ಲಿ ಹೇಳದ ಹೆಂಗಸು. ಬಾಗಿಲಲ್ಲಿ ನನ್ನ ಬೂಟು ಬಿಚ್ಚಿಸಿ, ಹತ್ತಾರು ಜನ ಹಾಕಿ ಸವೆಸಿದ ಚಪ್ಪಲಿ ಕೊಟ್ಟರು. ಯಂತ್ರದ ಮುಖ್ಯ ಭಾಗ ಒಂದು ಟೊಳ್ಳು ಗುಂಡು, ಒಳಗೆಲ್ಲ ಹಾಲಿನಂಥ ಬಿಳುಪು. ಚೂರನ್ನು ಅದರೊಳಗೆ ಇಟ್ಟು ಬೆಳಕು ಬಿಟ್ಟರೆ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಗೊತ್ತಾಗುತ್ತದೆ. ಆ ಬಿಳುಪನ್ನು ಬೆರಳಿನಿಂದ ಮುಟ್ಟಬಾರದು ಎಂದು ಡಾನುತಾ ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದರಿಂದ ಅದರ ಬೆಲೆ ನನಗೆ ತಿಳಿಯಿತು.

ಮೊದಲು ಬರಿಗಣ್ಣಿಗೆ ನೋಡೋಣವೆಂದು ಚೂರನ್ನು ಮೇಜಿನ ಮೇಲಿಟ್ಟು, ದೀಪ ಆರಿಸಿ, ನೇರಳಾತೀತ ಬೆಳಕು ಬಿಟ್ಟರು. ನಾನು ಕೆಂಪಿಗಾಗಿ ಕಾದೆ.

ಬಂದದ್ದು ಹಸಿರು. ಹಳದಿ ಬೆರೆತ, ಎಳೆ ಹುಲ್ಲಿನಂಥ ಹಸಿರು. ಅದರ ಹಿಂದೆ ಎಲ್ಲೋ ಸ್ವಲ್ಪ ಕೆಂಪು ಮಂಕಾಗಿ ಕೂತಿತ್ತು.

ಡಾನುತಾ ಹತ್ತಿರ ಬಗ್ಗಿ ನೋಡಿದರು. ಎರಡನೆಯ ಚೂರು ಇಟ್ಟರು, ಹಸಿರು. ಮೂರನೆಯದು, ಹಸಿರು. ಯುರೋಪಿಯಂ ಹೀಗೆ ಹೊಳೆಯುವುದನ್ನು ತಾನು ಕಂಡೇ ಇಲ್ಲವೆಂದರು. ಪದರದೊಳಗೆ ಹೊಸ ಬಗೆಯ ದೋಷವೊಂದು ಹುಟ್ಟಿರಬೇಕು, ಬೆಳಕು ಅಲ್ಲಿಂದ ಬರುತ್ತಿರಬೇಕು ಎಂದರು. ಇದನ್ನು ಹೇಗೆ ಮಾಡಿದೆ ಎಂದು ಕೇಳಿದರು. ಕನಕಪುರದಲ್ಲಿ, ಕರೆಂಟು ಹೋಗಿ ಬರುವ ಕುಲುಮೆಯಲ್ಲಿ ಎಂದೆ. ಕರೆಂಟು ಹೋಗುವುದನ್ನೂ ಅವರು ವಿಧಾನದ ಭಾಗವೆಂದು ಬರೆದುಕೊಂಡರು.

ಸಂಜೆಯೊಳಗೆ ನನಗೆ ಎರಡು ಕೊಂಬು ಮೂಡಿದ್ದವು. ಗುರುವಾರ ಮಧ್ಯಾಹ್ನ ವಿಭಾಗದ ಎಲ್ಲರ ಮುಂದೆ ಈ ಹಸಿರಿನ ಬಗ್ಗೆ ನಾವಿಬ್ಬರೂ ಮಾತಾಡುವುದೆಂದು ಡಾನುತಾ ಗೋಡೆಗೆ ಕಾಗದ ಅಂಟಿಸಿದ್ದರು. ಊಟಕ್ಕೆ ಕರೆದುಕೊಂಡು ಹೋದಾಗ ತಟ್ಟೆಗೆ ಬಂದದ್ದು ಪಿಯೆರೊಗಿ, ನಮ್ಮ ಕಡುಬಿನ ತಮ್ಮ. ಜೊತೆಗೆ ಬೀಟ್‌ರೂಟಿನ ತಿಳಿಸಾರು. ತಿನ್ನುತ್ತಾ ನಾನು ಊರಿನಲ್ಲಿ ನನಗೆ ಮಾಡುವ ಸನ್ಮಾನ ಸಮಾರಂಭದಲ್ಲಿ ಯಾವ ಸೀರೆ ಉಡಬೇಕೆಂದು ಯೋಚಿಸುತ್ತಿದ್ದೆ. ನನ್ನ ಕೆಂಪು ಎಲ್ಲಿ ಹೋಯಿತು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ಆಯಿತು.

ಮಂಗಳವಾರ: ಎಲ್ಲೆಲ್ಲೂ ಹಸಿರು

ಯಂತ್ರದೊಳಗೆ ಇಡುವ ಮುಂಚೆ ಚೂರನ್ನು ಆಲ್ಕೋಹಾಲಿನಿಂದ ಒರೆಸುವುದು ಪದ್ಧತಿ. ಮೊದಲನೆಯ ಚೂರನ್ನು ನಾನೇ ಒರೆಸಿದೆ. ಬೆಳಕು ಬಿಟ್ಟರೆ ಹಸಿರು ಕಡಿಮೆಯಾಗುವ ಬದಲು ಎರಡರಷ್ಟಾಗಿತ್ತು. ಡಾನುತಾ ಕೈ ತಟ್ಟಿದರು. ಆಮೇಲೆ ಅವರ ಕಣ್ಣು ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಮೇಲೆ ಬಿತ್ತು. ಅದೂ ಹಸಿರು ಹೊಳೆಯುತ್ತಿತ್ತು. ನನ್ನ ಕೈಗವಸಿನ ಎರಡು ಬೆರಳೂ ಹೊಳೆಯುತ್ತಿದ್ದವು. ಬಾಗಿಲ ಹಿಡಿಯ ಮೇಲೆ ಹಸಿರು, ಲೇಖನಿಯ ಮೇಲೆ ಹಸಿರು. ಡಾನುತಾ ಕನ್ನಡಕ ಸರಿಮಾಡಿಕೊಂಡರು. ಅವರ ಮೂಗಿನ ತುದಿಯೂ ಹಸಿರಾಗಿ ಹೊಳೆಯಿತು.

ಅದನ್ನು ಅವರಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಅವರು ಆ ಮೂಗಿನೊಂದಿಗೇ ಬಹಳ ಗಂಭೀರವಾಗಿ, ಕಾಗದಕ್ಕೆ ಅಂಟುವ ದೋಷವನ್ನು ತಾನು ಈವರೆಗೆ ಕಂಡಿಲ್ಲ ಎಂದರು.

ದೀಪ ಹಾಕಿದೆವು. ನಾನು ಆ ಕಾಗದವನ್ನು ಕೈಗೆತ್ತಿಕೊಂಡೆ. ಬಿಳಿ ಕಾಗದದ ಒಂದು ಮೂಲೆಯಲ್ಲಿ ತೆಳ್ಳಗೆ ಹಳದಿ ಹಬ್ಬಿತ್ತು. ಹಾಗೆ ಮೂಲೆಯಲ್ಲಿ ಹಳದಿ ಹತ್ತಿದ ಕಾಗದವನ್ನು ನಾನು ಜೀವಮಾನವಿಡೀ ನೋಡಿದ್ದೇನೆ. ನಮ್ಮ ಮನೆಗೆ ಬರುವ ಒಂದೊಂದು ಲಗ್ನಪತ್ರಿಕೆಯ ಮೂಲೆಯೂ ಹಾಗೆಯೇ ಇರುತ್ತದೆ. ಮೂಸಿ ನೋಡಿದೆ. ವಿಮಾನ ನಿಲ್ದಾಣದ ಆ ಬೆಣ್ಣೆ ಮನುಷ್ಯ ಸುಳ್ಳು ಹೇಳಿರಲಿಲ್ಲ.

ಹೊರಗೆ ಹೋಗಿ ಮನೆಗೆ ಫೋನ್ ಮಾಡಿದೆ. ಊರಲ್ಲಿ ಆಗ ಸಂಜೆಯ ಕಾಫಿಯ ಹೊತ್ತು. ಅತ್ತೆಯೇ ಎತ್ತಿದರು. ಕಬ್ಬಾಳಿನಲ್ಲಿ ಡಬ್ಬಿ ಬಿಚ್ಚಿದ್ದಿರಾ ಎಂದು ನೇರವಾಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಮುಚ್ಚಳ ಹಾಕ್ಕಂಡು ತೋರುಸುದ್ರೆ ಅಮ್ಮಂಗೆ ಏನು ಕಾಣ್ತದೆ ಕಣವ್ವ? ಅದ್ಕೇ ತಗುದೆ. ದೀಪದ ಎಣ್ಣೇಲಿ ಕಲಸಿ ಒಸಿ ಅರಿಶಿನ ಮಡಗ್ದೆ, ಅಷ್ಟೇಯ. ಆಮೇಕೆ ಗಲೀಜಾಗಿ ಕಂಡಾತು ಅಂತ ಸೆರಗ್ನಲ್ಲಿ ಒರುಸ್ಬುಟ್ಟೆ."

"ಮೂರಕ್ಕೂ ಇಟ್ರಾ ಅತ್ತೆ?"

"ಇನ್ನೇನವ್ವ, ಒಂದ್ಕೆ ಮಡಗಿ ಒಂದ್ಕೆ ಬುಟ್ರೆ ಬೇಜಾರ್ ಮಾಡ್ಕತ್ತವೆ."

ಆ ಕಡೆಯಿಂದ ದನಿ ಸಣ್ಣದಾಯಿತು.

"ಕುಂಕುಮ ಇಟ್ರೆ ಕಲೆ ಆಯ್ತದೆ, ನೀನು ಬೈತೀಯ ಅಂತ ಅದೊಂದು ಇಡ್ನಿಲ್ಲ ಕಣವ್ವ. ಬರೀ ಅರಿಶಿನ ಇಟ್ಟು ಬಂದೆ. ಅರ್ಧ ಪೂಜೆ ಆಗೋಯ್ತು. ಅದ್ಕೇ ನಿನ್ ಕೆಲ್ಸ ಕೆಟ್ಟೋಯ್ತಾ?"

ಬೈಯಬೇಕೆಂದೇ ಫೋನ್ ಮಾಡಿದ್ದೆ. ಏನೂ ಕೆಟ್ಟಿಲ್ಲ, ನಿಪ್ಪಟ್ಟು ಚೆನ್ನಾಗಿತ್ತು ಎಂದು ಇಟ್ಟುಬಿಟ್ಟೆ.

ಬುಧವಾರ: ಕುಲುಮೆ

ರಾತ್ರಿ ಮಲಗಿ ಒಂದು ದುರಾಲೋಚನೆಯನ್ನೂ ಮಾಡಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗೋಡೆಗೆ ಕಾಗದ ಅಂಟಿಸಿ ಆಗಿದೆ, ಡಾನುತಾ ಖುಷಿಯಾಗಿದ್ದಾರೆ. ಆದರೆ ಅರಿಶಿನಕ್ಕೆ ನಾನು ಡಾಕ್ಟರೇಟ್ ತೆಗೆದುಕೊಂಡರೆ ರಾಮನಗರ ಜಿಲ್ಲೆಯ ಎಲ್ಲ ಹೆಂಗಸರಿಗೂ ಕೊಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನ ಕೆಂಪು ಆ ಹಸಿರಿನ ಕೆಳಗೆ ಎಲ್ಲೋ ಬದುಕಿದೆಯೋ ಇಲ್ಲವೋ ಎಂದು ನನಗೆ ತಿಳಿಯಲೇಬೇಕಿತ್ತು.

ಬೆಳಿಗ್ಗೆ ಡಾನುತಾ ಮುಂದೆ ನಿಂತು ಎಲ್ಲ ಹೇಳಿದೆ. ಅಡುಗೆಯ ಅರಿಶಿನ, ದೀಪದ ಎಣ್ಣೆ, ಬೆಟ್ಟದ ಕೆಳಗಿನ ದೇವಿ, ಅತ್ತೆಯ ಸೆರಗು. ನೆಲ ನೋಡುತ್ತಲೇ ಹೇಳಿದೆ. ನಾಲ್ಕರಲ್ಲಿ ಎರಡು ದಿನ ಹಾಳಾಗಿತ್ತು, ಅವರ ಮರ್ಯಾದೆಯನ್ನೂ ಗೋಡೆಗೆ ಅಂಟಿಸಿ ಹಾಳು ಮಾಡಿದ್ದೆ.

ಡಾನುತಾ ಕನ್ನಡಕ ತೆಗೆದು ಒರೆಸಿಕೊಂಡರು. ಕಾರು ಕೊಂಡರೆ ಹೀಗೇ ಮಾಡುತ್ತೀರಾ ಎಂದು ಕೇಳಿದರು. ಮಾಡುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣನ್ನೂ ಇಡುತ್ತೇವೆ ಎಂದೆ. ಆಗ ಅವರು ಹೇಳಿದ್ದಿಷ್ಟು. ಅವರ ಮೊದಲ ಕಾರಿಗೆ ಅವರ ತಾಯಿ ಪಾದ್ರಿಯನ್ನು ಕರೆಸಿ ಪವಿತ್ರ ಜಲ ಹಾಕಿಸಿದ್ದರಂತೆ. ಪಾದ್ರಿಗೆ ಉತ್ಸಾಹ ಹೆಚ್ಚು, ಬಾನೆಟ್ ತೆಗೆಸಿ ಒಳಗೂ ಚಿಮುಕಿಸಿದರಂತೆ. ಆ ಕಾರು ಮೂರು ದಿನ ಅಲುಗಾಡಲಿಲ್ಲವಂತೆ. ಹೇಳುತ್ತಾ ಹೇಳುತ್ತಾ ಅವರು ಮೇಜು ಹಿಡಿದುಕೊಂಡು ನಗತೊಡಗಿದರು. ನಾನೂ ನಕ್ಕೆ, ನಕ್ಕು ನಕ್ಕು ಅಳುವೂ ಬಂತು.

ನಗು ನಿಂತ ಮೇಲೆ ಅವರೇ ದಾರಿ ಹೇಳಿದರು. ಅರಿಶಿನ ಗಿಡದಿಂದ ಬಂದದ್ದು, ಎಣ್ಣೆಯೂ ಹಾಗೆಯೇ, ಬೆಂಕಿಗೆ ಉಳಿಯುವುದಿಲ್ಲ. ಯುರೋಪಿಯಂ ಪದರ ಬೆಂಕಿಯಲ್ಲೇ ಹುಟ್ಟಿದ್ದು. ಆರುನೂರು ಡಿಗ್ರಿಯ ಕುಲುಮೆಗೆ ಹಾಕಿದರೆ ಅತ್ತೆಯದು ಹೋಗುತ್ತದೆ, ನಿನ್ನದು ಉಳಿಯುತ್ತದೆ. ಆದರೆ ಎರಡನೆಯ ಸಲ ಸುಟ್ಟಾಗ ಪದರ ಬಿರುಕು ಬಿಟ್ಟು ಸಿಪ್ಪೆಯ ಹಾಗೆ ಎದ್ದು ಬರಬಹುದು. ಬಂದರೆ ಆರು ವರ್ಷವೂ ಅದರ ಜೊತೆಗೆ ಎದ್ದು ಬಂದ ಹಾಗೆ.

ಎರಡು ಚೂರು ಸುಡುವುದೆಂದಾಯಿತು. ಮೂರನೆಯದನ್ನು ಹಾಗೆಯೇ ನನಗೆ ಕೊಡು, ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು ಡಾನುತಾ. ಒಂದನ್ನು ಬಿಟ್ಟರೆ ಅದು ಬೇಜಾರು ಮಾಡಿಕೊಳ್ಳುತ್ತದಂತೆ ಎಂದೆ. ಅದಕ್ಕೆ ಜೊತೆಗಿರಲಿ ಎಂದು ಪಕ್ಕದಲ್ಲಿ ತಮ್ಮ ಮೇಜಿನ ಮೇಲಿದ್ದ ಬೆರಳುದ್ದದ ಕಂಚಿನ ಕುಳ್ಳನೊಬ್ಬನನ್ನು ಕೂರಿಸಿದರು.

ಇಡೀ ದಿನ ಕುಲುಮೆಯ ಮುಂದೆ ಕೂತೆ. ನಿಧಾನವಾಗಿ ಕಾಯಿಸಿ ನಿಧಾನವಾಗಿ ಆರಿಸಬೇಕು, ಅವಸರ ಮಾಡುವಂತಿಲ್ಲ. ಮಧ್ಯದಲ್ಲಿ ಒಮ್ಮೆಯೂ ಕರೆಂಟು ಹೋಗಲಿಲ್ಲ. ಅದು ನನಗೆ ಅಭ್ಯಾಸವಿಲ್ಲದ್ದರಿಂದ ಮತ್ತಷ್ಟು ಗಾಬರಿಯಾಯಿತು. ಕೂತಲ್ಲೇ ಕಬ್ಬಾಳಮ್ಮನಿಗೆ ಹೇಳಿಕೊಂಡೆ, ನಿನಗೆ ಕೊಟ್ಟದ್ದನ್ನು ಸುಡುತ್ತಿದ್ದೇನೆ, ಸಿಟ್ಟು ಮಾಡಿಕೊಳ್ಳಬೇಡ.

ಗುರುವಾರ

ಒಂದು ಚೂರಿನ ಪದರ ಮೂಲೆಯಿಂದ ಅರ್ಧದವರೆಗೆ ಎದ್ದಿತ್ತು. ಬೆರಳು ತಾಗಿಸಿದರೆ ಉದುರುವ ಹಾಗಿತ್ತು. ಅದನ್ನು ಪಕ್ಕಕ್ಕಿಟ್ಟೆವು.

ಇನ್ನೊಂದನ್ನು ಕತ್ತಲಲ್ಲಿಟ್ಟು ಡಾನುತಾ ಗುಂಡಿ ಒತ್ತಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವರು ನನ್ನ ಮೊಣಕೈ ಹಿಡಿದು ಅಲುಗಿಸಿದರು.

ಕೆಂಪು. ಒಂದಿಷ್ಟೂ ಹಸಿರಿಲ್ಲದ, ಮಂಕಿಲ್ಲದ ಕೆಂಪು. ಕನಕಪುರದಲ್ಲಿ ಪುಟ್ಟ ದೀಪದ ಕೆಳಗೆ ನೋಡಿದ್ದ ಕೆಂಪೇ, ಆದರೆ ಅಲ್ಲಿ ಅದು ಇಷ್ಟು ತುಂಬಿಕೊಂಡು ಬಂದಿರಲಿಲ್ಲ.

ಮಧ್ಯಾಹ್ನದೊಳಗೆ ಅಳತೆ ಮುಗಿಯಿತು. ಪ್ರಬಂಧಕ್ಕೆ ಬೇಕಾದದ್ದಷ್ಟೂ ಸಿಕ್ಕಿತು. ಗೋಡೆಗೆ ಅಂಟಿಸಿದ್ದ ಕಾಗದವನ್ನು ಡಾನುತಾ ತೆಗೆಯಲಿಲ್ಲ. ವಿಭಾಗದವರೆಲ್ಲ ಬಂದರು. ನಾವು ಹೊಸ ಹಸಿರಿನ ಬದಲು ನಮ್ಮ ಹಳೆಯ ಅರಿಶಿನದ ಬಗ್ಗೆ ಮಾತಾಡಿದೆವು, ಮೂರನೆಯ ಚೂರು ತೋರಿಸಿದೆವು. ಪ್ರಶ್ನೆಗಳೆಲ್ಲ ಅತ್ತೆಯ ಬಗ್ಗೆಯೇ ಬಂದವು. ಒಬ್ಬಾತ ಬಹಳ ಗಂಭೀರವಾಗಿ, ಅವರು ಸೆರಗಿನಿಂದ ಯಾವ ದಿಕ್ಕಿಗೆ ಒರೆಸಿದರು ಎಂದು ಕೇಳಿದ.

ಮತ್ತೆ ರಾಮನಗರ

ಮನೆಗೆ ಬಂದ ದಿನ ಅತ್ತೆ ನನ್ನ ಮುಖ ನೋಡಲಿಲ್ಲ. ಅಡುಗೆಮನೆಯಲ್ಲೇ ಸುತ್ತಿದರು, ಕೇಳದೆ ಎರಡು ಸಲ ಕಾಫಿ ತಂದಿಟ್ಟರು. ಅರ್ಧ ಪೂಜೆಯ ಮಾತು ಅವರ ಮನಸ್ಸಿನಲ್ಲೇ ಕೂತಿತ್ತು. ನನಗೆ ಆಗ ಹೊಳೆಯಿತು, ಈ ಆರು ವರ್ಷದಲ್ಲಿ ಅವರಿಗೆ ನನ್ನ ಕೆಲಸ ಏನೆಂದು ಒಂದು ದಿನವೂ ತೋರಿಸಿರಲಿಲ್ಲ. ಮುಟ್ಟಬೇಡಿ ಎಂದು ಮಾತ್ರ ಹೇಳಿದ್ದೆ.

ಕಾಲೇಜಿನಿಂದ ಆ ಪುಟ್ಟ ನೇರಳಾತೀತ ದೀಪ ತಂದೆ. ಮಧ್ಯಾಹ್ನ ದೇವರಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲು ಹಾಕಿ ಕತ್ತಲು ಮಾಡಿದೆ. ಕಣ್ಣಿಗೆ ಬೆಳಕು ತಾಗಬಾರದೆಂದು ಅತ್ತೆಗೆ ಪ್ರಯೋಗಾಲಯದ ದೊಡ್ಡ ಕನ್ನಡಕ ಹಾಕಿಸಿದೆ. ವೆಲ್ಡಿಂಗ್ ಮಾಡುವವರ ಹಾಗೆ ಕಾಣುತ್ತಿದ್ದೀರಿ ಎಂದರೂ ನಗಲಿಲ್ಲ. ಡಬ್ಬಿ ಬಿಚ್ಚಿ ಚೂರನ್ನು ಹಲಗೆಯ ಮೇಲಿಟ್ಟು ಗುಂಡಿ ಒತ್ತಿದೆ.

ಕತ್ತಲಲ್ಲಿ ಒಂದು ಚೌಕ ಕೆಂಪು ಹೊತ್ತಿಕೊಂಡಿತು.

ಅತ್ತೆ ಬಗ್ಗಿ ನೋಡಿದರು. ಕನ್ನಡಕ ಸರಿಸಲು ಕೈ ಎತ್ತಿದರು, ನಾನು ಹಿಡಿದುಕೊಂಡೆ.

"ನಾನು ಇಟ್ಟಿದ್ದು ಬರೀ ಅರಿಶಿನ ಕಣವ್ವ," ಎಂದರು ಮೆಲ್ಲಗೆ. "ಇದ್ಕೆ ಕುಂಕುಮ ಯಾರು ಇಟ್ರು?"

ಎಲೆಕ್ಟ್ರಾನು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಬೆಳಕು ಬರುತ್ತದೆ ಎಂದು ಹೇಳಲು ನಾನು ಆರು ವರ್ಷದಿಂದ ತಯಾರಾಗಿದ್ದವಳು.

"ಅದೇ ಇಟ್ಟುಕೊಂಡಿದೆ, ಅತ್ತೆ," ಎಂದೆ.